ಪ್ರಿಸಿಷನ್, ಜಾಝ್, ಸ್ಟಿಂಗ್‌ರೇ: ಬೇಸ್ ಬದಲಾದಾಗ ಮೀಟುವ ಕೈ ಎಲ್ಲಿಗೆ ಸರಿಯಬೇಕು?

ಮೋಟೌನ್ ಹಾಡುಗಳ ಬೇಸ್ ಗಿಟಾರ್ ವಾದಕ ಜೇಮ್ಸ್ ಜೇಮರ್‌ಸನ್ ನುಡಿಸುತ್ತಿದ್ದದ್ದು 1962ರ ಫೆಂಡರ್ ಪ್ರಿಸಿಷನ್ ಬೇಸ್. ಜಾಝ್ ವಾದಕ ಜಾಕೋ ಪಾಸ್ಟೋರಿಯಸ್ ಹೆಸರು ಮಾಡಿದ್ದು ಫ್ರೆಟ್ (ನೆಕ್ ಮೇಲಿನ ಅಡ್ಡ ಲೋಹಪಟ್ಟಿ) ಕಿತ್ತ 1962ರ ಫೆಂಡರ್ ಜಾಝ್ ಬೇಸ್‌ನಲ್ಲಿ. ಒಂದೇ ಕಂಪನಿ, ಒಂದೇ ವರ್ಷ, ಒಂದೇ 34 ಇಂಚಿನ ಸ್ಕೇಲ್, ಅಂದರೆ ಕಂಪಿಸುವ ತಂತಿಯ ಉದ್ದ. ಜೇಮರ್‌ಸನ್‌ರದು ದಪ್ಪ ಫ್ಲಾಟ್‌ವೂಂಡ್ (ಮೇಲ್ಮೈ ನುಣುಪಾದ) ತಂತಿ, ಬ್ರಿಜ್ (ದೇಹದ ಮೇಲೆ ತಂತಿ ಕೂರುವ ತುದಿ) ಮುಚ್ಚಳದಡಿ ಫೋಮ್, ತೋರುಬೆರಳೊಂದರಿಂದಲೇ ಮೀಟು. ಪಾಸ್ಟೋರಿಯಸ್‌ರದು ರೌಂಡ್‌ವೂಂಡ್ (ದುಂಡು ಸುತ್ತಿನ, ಒರಟು ಮೈಯ) ತಂತಿ, ಬ್ರಿಜ್ ಕಡೆಗೆ ಸರಿದ ಕೈ, ಎರಡು ಬೆರಳಿನ ಓಟ. ಬೇಸ್ ಬದಲಾಯಿಸಿದ ಕೂಡಲೇ ಆಂಪ್‌ನ ನಾಬ್ ತಿರುಗಿಸಲು ಓಡುವವರು ಮೊದಲು ಬಲಗೈಯನ್ನು ನಾಲ್ಕು ಬೆರಳಷ್ಟು ಆಚೀಚೆ ಸರಿಸಿ ನೋಡಲಿ. ಅರ್ಧ ಕೆಲಸ ಅಲ್ಲೇ ಮುಗಿಯುತ್ತದೆ.

ಇಲ್ಲಿನ ಹೋಲಿಕೆಗೆ ಎಲ್ಲ ಬೇಸ್‌ಗೂ 45ರಿಂದ 105ರ (ಇಂಚಿನ ಸಾವಿರದೊಂದಂಶದಲ್ಲಿ ತಂತಿಯ ದಪ್ಪ) ನಿಕ್ಕಲ್ ರೌಂಡ್‌ವೂಂಡ್ ಸೆಟ್, ನಿಮಿಷಕ್ಕೆ 90 ಬೀಟ್‌ನ ಒಂದೇ ಎಂಟು ಬಾರ್‌ಗಳ ಸಾಲು, ಆಂಪ್‌ನ ಇಕ್ಯೂ (ಬೇಸ್, ಮಿಡ್, ಟ್ರೆಬಲ್ ಹೊಂದಿಸುವ) ನಾಬ್‌ಗಳೆಲ್ಲ ನಡುವಿನಲ್ಲಿ. 17ನೇ ಫ್ರೆಟ್ ಮೇಲೆ ತಂತಿಯ ಎತ್ತರ ಅತಿ ದಪ್ಪದ ಇ ತಂತಿಯ ಕಡೆ 2.4 ಮಿ.ಮೀ., ಅತಿ ತೆಳುವಾದ ಜಿ ಕಡೆ 2 ಮಿ.ಮೀ.; ನೆಕ್‌ನ ಬಾಗು ಸುಮಾರು 0.3 ಮಿ.ಮೀ. ಇಷ್ಟನ್ನು ಸಮ ಮಾಡದೆ ನುಡಿಸಿದರೆ ಹೋಲಿಸಿದ್ದು ಸೆಟಪ್ ಆಗುತ್ತದೆ, ವಾದ್ಯ ಆಗುವುದಿಲ್ಲ.

ಪ್ರಿಸಿಷನ್‌ನಲ್ಲಿ ಇರುವುದು ಎರಡು ತುಂಡಾದ ಒಂದೇ ಪಿಕಪ್ (ತಂತಿಯ ಕಂಪನವನ್ನು ವಿದ್ಯುತ್ ಸಂಕೇತವಾಗಿಸುವ ಭಾಗ; 1957ರಿಂದ ಹೀಗೇ), ಒಂದು ವಾಲ್ಯೂಮ್, ಒಂದು ಟೋನ್. ಆರಿಸಿಕೊಳ್ಳಲು ಬೇರೇನೂ ಇಲ್ಲದ್ದರಿಂದ ಕೈಯೇ ಇಲ್ಲಿ ಟೋನ್ ಕಂಟ್ರೋಲ್. ಹೆಬ್ಬೆರಳು ಪಿಕಪ್ ಮೇಲೆ, ಮೀಟು ಅದರ ನೇರಕ್ಕೆ. ನೆಕ್ ಕಡೆಗೆ ಐದು ಸೆಂಟಿಮೀಟರ್ ಸರಿದರೆ ದಪ್ಪ, ದುಂಡು ಸ್ವರ. ಈ ಬೇಸ್ ಒರಟು ಕೈಯನ್ನು ಸಹಿಸಿಕೊಳ್ಳುತ್ತದೆ. ಗಟ್ಟಿಯಾಗಿ ಮೀಟಿದರೂ ಸ್ವರ ಒಡೆಯದೆ ಮುಂದೆ ಬಂದು ನಿಲ್ಲುತ್ತದೆ. ತೊಂದರೆ ಬರುವುದು ವೇಗದ ಸಾಲುಗಳಲ್ಲಿ. ಕೆಳ-ಮಧ್ಯದ ಸದ್ದು ಜಾಸ್ತಿಯಾದ್ದರಿಂದ ಒಂದು ಸ್ವರದ ಬಾಲ ಮುಂದಿನದರ ತಲೆಗೆ ಅಂಟುತ್ತದೆ. ಅದಕ್ಕೆ ಟ್ರೆಬಲ್ ಏರಿಸುವುದು ಮದ್ದಲ್ಲ. ಎಡಗೈ ಬೆರಳನ್ನು ಫ್ರೆಟ್‌ನಿಂದ ಸ್ವಲ್ಪ ಬೇಗ ಸಡಿಲಿಸಿ, ತಂತಿಯ ಮೇಲಿಂದ ಪೂರ್ತಿ ಎತ್ತದೆ ಸ್ವರ ನಿಲ್ಲಿಸಬೇಕು.

ಜಾಝ್ ಬೇಸ್ (1960) ಅದೇ ಕೈಯನ್ನು ಸಹಿಸುವುದಿಲ್ಲ. ಎರಡು ಪಿಕಪ್, ಎರಡು ವಾಲ್ಯೂಮ್. ಎರಡನ್ನೂ ಪೂರ್ತಿ ತೆರೆದರೆ ಗುಂಯ್ ಸದ್ದು ರದ್ದಾಗುತ್ತದೆ, ಜೊತೆಗೆ ಮಧ್ಯದ ಸದ್ದೂ ತುಸು ಟೊಳ್ಳಾಗುತ್ತದೆ. ಸ್ಲ್ಯಾಪ್‌ಗೆ (ಹೆಬ್ಬೆರಳಿಂದ ತಂತಿ ಬಡಿಯುವ ಶೈಲಿ) ಇದು ಚೆಂದ, ಡ್ರಮ್ಸ್ ಮತ್ತು ಎರಡು ಗಿಟಾರ್ ನಡುವೆ ಮಾತ್ರ ಬೇಸ್ ಮಾಯ. ನೆಕ್ ಕಡೆಯ ಮುಂದಿನ ಪಿಕಪ್‌ನ ವಾಲ್ಯೂಮನ್ನು 10ರಿಂದ 7ಕ್ಕೆ ಇಳಿಸಿದರೆ ಆ ಮಧ್ಯದ ಗೊಗ್ಗರು ವಾಪಸ್ ಬರುತ್ತದೆ. ಬೆನ್ನಿಗೇ ಗುಂಯ್ ಕೂಡ. ಡಿಮ್ಮರ್ ದೀಪಗಳಿರುವ ವೇದಿಕೆಯಲ್ಲಿ ಇದು ಕಾಡುತ್ತದೆ. ಎರಡು ಹೆಜ್ಜೆ ತಿರುಗಿ ನಿಂತರೆ ಎಷ್ಟೋ ಸಲ ಕಡಿಮೆಯಾಗುತ್ತದೆ.

ಹಿಂದಿನ ಪಿಕಪ್ ಮೇಲೆ ಹೆಬ್ಬೆರಳಿಟ್ಟಾಗ ಬೆರಳು ಬ್ರಿಜ್‌ಗೆ ಹತ್ತಿರ ಬರುತ್ತದೆ. ಅಲ್ಲಿ ತಂತಿ ಗಟ್ಟಿಯೆನಿಸುತ್ತದೆ, ಕಡಿಮೆ ಅಲುಗುತ್ತದೆ. ಪ್ರಿಸಿಷನ್‌ನ ಬಲವನ್ನೇ ಇಲ್ಲಿ ಹಾಕಿದರೆ ಬರುವುದು ತಗಡು ಬಡಿದಂಥ ಸದ್ದು. ಬೆರಳ ತುದಿಯ ಮೂರ್ನಾಲ್ಕು ಮಿಲಿಮೀಟರ್ ಮಾತ್ರ ತಂತಿಗೆ ತಾಗಲಿ. ಕಡಿಮೆ ಬಿದ್ದ ಸದ್ದನ್ನು ಆಂಪ್ ಕೊಡಲಿ. ಎಡಗೈಗೂ ಲೆಕ್ಕ ಬೇರೆ: ಜಾಝ್‌ನ ನಟ್ (ನೆಕ್‌ನ ಮೇಲ್ತುದಿಯ ತಂತಿಪಟ್ಟಿ) ಅಗಲ 38 ಮಿ.ಮೀ., ಇಂದಿನ ಪ್ರಿಸಿಷನ್‌ಗಳಲ್ಲಿ ಹೆಚ್ಚಿನವು 41, ಹಳೆಯವು 44. ದಪ್ಪ ನೆಕ್‌ನಿಂದ ಬಂದ ಬೆರಳು ಜಾಝ್‌ನಲ್ಲಿ ಪಕ್ಕದ ತಂತಿಯನ್ನೂ ಸವರಿ ಸಾಯಿಸುತ್ತದೆ, ಹಾಗಾಗಿ ಬೆರಳನ್ನು ಇನ್ನಷ್ಟು ಕಮಾನಾಗಿ ಬಾಗಿಸಬೇಕು.

1976ರ ಮ್ಯೂಸಿಕ್‌ಮ್ಯಾನ್ ಸ್ಟಿಂಗ್‌ರೇ ಮಾದರಿಯ ಆಕ್ಟಿವ್ ಬೇಸ್‌ನಲ್ಲಿ ಒಂದೇ ದೊಡ್ಡ ಹಂಬಕರ್ (ಗುಂಯ್ ರದ್ದು ಮಾಡುವ ಜೋಡಿ ಸುರುಳಿಯ ಪಿಕಪ್), ಒಳಗೆ 9 ವೋಲ್ಟ್ ಬ್ಯಾಟರಿಯ ಪ್ರಿಆಂಪ್ (ಸಂಕೇತವನ್ನು ಮೊದಲೇ ಬಲಪಡಿಸುವ ಸರ್ಕ್ಯೂಟ್). ಪ್ರತಿ ಮೀಟಿನ ಏಟೂ ಚೂಪಾಗಿ ಹೊರಡುತ್ತದೆ. ಉಗುರು ತಾಗಿದ್ದು, ತಂತಿ ಫ್ರೆಟ್‌ಗೆ ಬಡಿದದ್ದು, ಬೆರಳು ಜಾರಿದ್ದು ಎಲ್ಲವೂ ಕೇಳಿಸುತ್ತದೆ. ಆಂಪ್‌ನಲ್ಲಿ ಜೋರು ಸಂಕೇತವನ್ನು ತಗ್ಗಿಸುವ ಮೈನಸ್ 15 ಡಿಬಿ ಇನ್‌ಪುಟ್ ಇದ್ದರೆ ಇದಕ್ಕೆ ಅದೇ ಸರಿ. ವೈರ್ ಚುಚ್ಚಿಯೇ ಬಿಟ್ಟರೆ ಬ್ಯಾಟರಿ ಖಾಲಿಯಾಗುತ್ತಲೇ ಇರುತ್ತದೆ. ಸ್ವರ ಕರಕಲಾಗಿ ಒಡೆಯತೊಡಗಿತೆಂದರೆ ಆಂಪ್ ಬಿಚ್ಚುವ ಮೊದಲು ಬ್ಯಾಟರಿ ನೋಡಿ.

30 ಇಂಚಿನ ಶಾರ್ಟ್ ಸ್ಕೇಲ್‌ದು ಬೇರೆಯೇ ಜಾತಿ. ಅಷ್ಟೇ ದಪ್ಪದ ತಂತಿಗೆ ಅಲ್ಲಿ ಬಿಗಿ ಸುಮಾರು 22 ಶೇಕಡಾ ಕಡಿಮೆ. ಜೋರಾಗಿ ಮೀಟಿದರೆ ಸ್ವರ ಮೊದಲ ಕ್ಷಣ ಮೇಲಕ್ಕೇರಿ ಆಮೇಲೆ ಕೂರುತ್ತದೆ. ಲಾಭವೆಂದರೆ ಮೊದಲನೆಯ ಫ್ರೆಟ್‌ನಿಂದ ನಾಲ್ಕನೆಯದಕ್ಕೆ 11.4 ಸೆಂ.ಮೀ.; 34 ಇಂಚಿನದರಲ್ಲಿ ಅದು 13. ಚಿಕ್ಕ ಕೈಯವರು ಉದ್ದದ ಬೇಸ್‌ನ ಮೊದಲ ಐದು ಫ್ರೆಟ್‌ಗಳಲ್ಲಿ ಫ್ರೆಟ್‌ಗೊಂದು ಬೆರಳು ಎಂಬ ಹಟ ಬಿಟ್ಟು, ಮೂರು ಫ್ರೆಟ್‌ಗೆ ತೋರುಬೆರಳು, ನಡುಬೆರಳು, ಕಿರುಬೆರಳು ಬಳಸಿದರೆ ಮಣಿಕಟ್ಟು ಉಳಿಯುತ್ತದೆ.

ಇನ್ನು ಆಂಪ್. 1969ರಲ್ಲಿ ಬಂದ ಆಂಪೆಗ್ ಎಸ್‌ವಿಟಿ ಥರದ 300 ವಾಟ್‌ನ ಟ್ಯೂಬ್ ಹೆಡ್, ಹತ್ತಿಂಚಿನ ಎಂಟು ಸ್ಪೀಕರ್‌ನ ಕ್ಯಾಬಿನೆಟ್: ಇದರ ಮುಂದೆ ಕೈ ಎಷ್ಟು ಬಲ ಹಾಕಿತೋ ಅಷ್ಟು ಸ್ವರ ಒತ್ತಿಕೊಂಡು ದಪ್ಪವಾಗುತ್ತದೆ, ಕೊನೆಗೆ ಸಣ್ಣ ಉರಿ ಹತ್ತುತ್ತದೆ. ಪ್ರಿಸಿಷನ್ ಜೊತೆಗಿನ ಈ ಜೋಡಿಯೇ ನಮ್ಮ ಮಟ್ಟಿಗೆ ಮೊದಲ ಸ್ಥಾನ, ಹೊರುವವರು ಬೇರೆ ಇದ್ದರೆ. ಸ್ಪೀಕರ್ ವೈರ್ ಹಾಕದೆ ಟ್ಯೂಬ್ ಆಂಪ್ ಆನ್ ಮಾಡಿ ನುಡಿಸಬಾರದು, ಔಟ್‌ಪುಟ್ ಟ್ರಾನ್ಸ್‌ಫಾರ್ಮರ್ ಹೋಗುತ್ತದೆ.

ಕೈಚೀಲದಲ್ಲಿ ಹಿಡಿಸುವ, ಟ್ಯೂಬ್ ಇಲ್ಲದ ಹಗುರ ಕ್ಲಾಸ್-ಡಿ ಹೆಡ್‌ನಲ್ಲಿ ಈ ಮೃದು ಒತ್ತಡ ಇಲ್ಲ. ಜೋರು ಮೀಟಿಗೆ ಲಿಮಿಟರ್ (ಸದ್ದು ಮಿತಿ ಮೀರದಂತೆ ತಡೆಯುವ ಸರ್ಕ್ಯೂಟ್) ಕತ್ತು ಹಿಡಿದು ಒತ್ತುತ್ತದೆ; ಸ್ವರ ಹಿಂದಕ್ಕೆ ಬೀಳುತ್ತದೆ, ನುಡಿಸುವವರು ಇನ್ನೂ ಜೋರಾಗಿ ಮೀಟುತ್ತಾರೆ. ನಿಮ್ಮ ಅತಿ ಗಟ್ಟಿ ಮೀಟಿಗೆ ಕ್ಲಿಪ್ ದೀಪ ಒಮ್ಮೆ ಮಿನುಗುವಷ್ಟು ಗೇನ್ (ಆಂಪ್‌ಗೆ ಒಳಬರುವ ಸಂಕೇತದ ಮಟ್ಟ) ಇಟ್ಟು, ಅಲ್ಲಿಂದ ಸ್ವಲ್ಪ ಇಳಿಸಿ, ಮುಕ್ಕಾಲು ಬಲದಲ್ಲಿ ನುಡಿಸಿ. ಎಂಟಿಂಚಿನ ಪ್ರಾಕ್ಟೀಸ್ ಆಂಪ್‌ನಿಂದ ಖಾಲಿ ಇ ತಂತಿಯ 41 ಹರ್ಟ್ಸ್ ಹೊರಡುವುದೇ ಇಲ್ಲವೆನ್ನಬಹುದು, ನಮಗೆ ಕೇಳುವುದು ಅದರ ಎರಡರಷ್ಟಾದ 82 ಮತ್ತು ಮೇಲಿನವು. ಬೇಸ್ ನಾಬ್ ಏರಿಸಿದರೆ ಕೋನ್ ಪಟಪಟ ಬಡಿಯುತ್ತದೆ ಅಷ್ಟೆ. ಅದನ್ನು ಇಳಿಸಿ, ಮಿಡ್ ಏರಿಸಿ, ಆಂಪ್ ಅನ್ನು ಕಿವಿಯತ್ತ ವಾಲಿಸಿ ಇಡಿ. ಮೊಣಕಾಲಿನೆತ್ತರದ ಸ್ಪೀಕರ್‌ನ ಮೇಲ್ಸದ್ದು ನಿಂತವರ ಕಿವಿಗೆ ಬರುವುದು ಕಡಿಮೆ, ಕೈ ಬಿಗಿಯಾಗುವುದಕ್ಕೆ ಇದೂ ಒಂದು ಕಾರಣ.

ಊರ ರಸಮಂಜರಿ ವೇದಿಕೆಗಳಲ್ಲಿ ಆಂಪ್ ಸಿಗದೆ ಬೇಸ್ ನೇರ ಮಿಕ್ಸರ್‌ಗೆ ಹೋಗುವುದುಂಟು. ಬ್ಯಾಟರಿಯಿಲ್ಲದ ಪ್ಯಾಸಿವ್ ಬೇಸ್ ಅನ್ನು ಲೈನ್ ಇನ್‌ಪುಟ್‌ಗೆ ಚುಚ್ಚಿದರೆ ಹೊಳಪೆಲ್ಲ ಸತ್ತುಹೋಗುತ್ತದೆ, ಅದಕ್ಕೆ ಆಕ್ಟಿವ್ ಡಿಐ ಬಾಕ್ಸ್ (ಬೇಸ್‌ನ ಸಂಕೇತವನ್ನು ಮಿಕ್ಸರ್‌ಗೆ ಹೊಂದಿಸುವ ಪೆಟ್ಟಿಗೆ) ಬೇಕು. ಆಕ್ಟಿವ್ ಬೇಸ್‌ಗೆ ಪ್ಯಾಸಿವ್ ಡಿಐ ಸಾಕು. ಸಬ್‌ವೂಫರ್‌ಗಳಲ್ಲಿ ಉದ್ದ ಸ್ವರಗಳು ಒಂದರ ಮೇಲೊಂದು ಬಿದ್ದು ಕೆಸರಾಗುತ್ತವೆ, ಆದ್ದರಿಂದ ಮೀಟದ ತಂತಿಗಳನ್ನು ಹೆಬ್ಬೆರಳು ಸದಾ ಮುಚ್ಚಿರಲಿ. ತಂತಿ ಮುಟ್ಟಿದಾಗ ಗುಂಯ್ ಪೂರ್ತಿ ನಿಂತು, ಬಿಟ್ಟಾಗ ಜೋರಾದರೆ ಅರ್ತಿಂಗ್ ಮೇಲೆ ಅನುಮಾನ ಪಡಿ: ಪ್ಲಗ್‌ನ ಮೂರನೇ ಪಿನ್ ಇದೆಯೇ, ಬೋರ್ಡ್‌ಗೆ ಅರ್ತ್ ಎಳೆದಿದ್ದಾರೆಯೇ ನೋಡದೆ ಮೈಕ್‌ಗೆ ತುಟಿ ತಾಗಿಸಬೇಡಿ.