ಮೈಟರ್ ಸಾಗೆ ಸುರುಳಿ ವೈರೋ, ದಪ್ಪ ಕೇಬಲ್ಲೋ? ಎರಡನ್ನೂ ಹಾಕಿ ಕೊಯ್ದು ನೋಡಿದೆ

ಮೈಟರ್ ಸಾ, ಅಂದರೆ ಹಲಗೆಯನ್ನು ಬೇಕಾದ ಕೋನಕ್ಕೆ ಕೊಯ್ಯುವ ಗರಗಸದ ಮಿಷಿನ್, ಬಿಸಿಯಾಗಿ ಸುಟ್ಟ ವಾಸನೆ ಬಂದರೆ ಮೊದಲು ಅನುಮಾನ ಹೋಗುವುದು ಮೋಟಾರಿನ ಮೇಲೆ. ನಾನೂ ಹಾಗೇ ಬ್ಲೇಡ್ ಬದಲಿಸಿದೆ, ಮೋಟಾರಿನ ತಿರುಗುವ ಭಾಗಕ್ಕೆ ಕರೆಂಟ್ ಮುಟ್ಟಿಸುವ ಕಾರ್ಬನ್ ಬ್ರಷ್ ಬಿಚ್ಚಿ ನೋಡಿದೆ. ಎಲ್ಲ ಸರಿಯಾಗಿಯೇ ಇತ್ತು. ಉಳಿದದ್ದು ಗೋಡೆಯಿಂದ ಮಿಷಿನ್ ತನಕ ಬರುವ ವೈರ್. ಅದನ್ನು ಖಚಿತ ಮಾಡಿಕೊಳ್ಳಲು ಒಂದೇ ಸಾ, ಒಂದೇ ಬ್ಲೇಡ್, ಒಂದೇ ಗಟ್ಟಿ ಮರದ ಹಲಗೆ ಇಟ್ಟುಕೊಂಡು ಎರಡು ಎಕ್ಸ್‌ಟೆನ್ಶನ್‌ಗಳನ್ನು ಹೋಲಿಸಿದೆ.

ಮೊದಲನೆಯದು 30 ಮೀಟರಿನ ಸುರುಳಿ ವೈರ್, ಒಳಗಿನ ತಾಮ್ರದ ದಪ್ಪ 0.75 ಸ್ಕ್ವೇರ್ ಎಂಎಂ. ಹಗುರ, ಎಲ್ಲಿಗೆ ಬೇಕಾದರೂ ಎಳೆದುಕೊಂಡು ಹೋಗಬಹುದು. ಎರಡನೆಯದು 15 ಮೀಟರಿನ ರಬ್ಬರ್ ಕೇಬಲ್, 2.5 ಸ್ಕ್ವೇರ್ ಎಂಎಂ. ಭಾರ, ಸುತ್ತಿಡುವುದೂ ಕಷ್ಟ. ಎರಡರ ತುದಿಯಲ್ಲೂ ಇನ್ನೊಂದು ಸಾಕೆಟ್ ಇದ್ದುದರಿಂದ, ಅದಕ್ಕೆ ಪ್ಲಗ್ ಮಾಡುವ ವೋಲ್ಟ್ ಮೀಟರ್ ಹಾಕಿ ಓದುವುದು ಸುಲಭವಾಯಿತು.

ಸಾ ನಿಂತಿದ್ದಾಗ ಎರಡರಲ್ಲೂ 230 ವೋಲ್ಟ್. ಕೊಯ್ಯುವಾಗ ದಪ್ಪ ಕೇಬಲ್ಲಿನ ತುದಿಯಲ್ಲಿ 226. ಸುರುಳಿಯಲ್ಲಿ 215ಕ್ಕೆ ಇಳಿಯಿತು. ಲೆಕ್ಕ ಹಾಕಿದರೂ ಹೆಚ್ಚುಕಡಿಮೆ ಹೀಗೇ ಬರುತ್ತದೆ. 0.75ರ ತಾಮ್ರದ ವೈರಿಗೆ ಮೀಟರಿಗೆ ಸುಮಾರು 0.026 ಓಮ್. ಕರೆಂಟ್ ಹೋಗಿ ಬರುವ ದಾರಿ 60 ಮೀಟರ್, ಅಂದರೆ ಒಂದೂವರೆ ಓಮ್. ಸಾ 8 ಆಂಪಿಯರ್ ಎಳೆದರೆ 12 ವೋಲ್ಟ್ ದಾರಿಯಲ್ಲೇ ಹೋಯಿತು. ಸುಮ್ನೆ ಹೋಗುವುದಿಲ್ಲ, ಸುಮಾರು 100 ವಾಟ್ ಶಾಖವಾಗುತ್ತದೆ. ವೈರ್ ಸುರುಳಿಯಲ್ಲೇ ಸುತ್ತಿಕೊಂಡಿದ್ದರೆ ಆ ಶಾಖ ಹೊರಗೆ ಬರಲು ದಾರಿಯಿಲ್ಲ. ಅರ್ಧ ಗಂಟೆ ಕೆಲಸ ಮಾಡಿ ಒಳಗಿನ ಸುತ್ತು ಮುಟ್ಟಿದೆ. ಪ್ಲಾಸ್ಟಿಕ್ ಮೆತ್ತಗಾಗಿತ್ತು. ಆವತ್ತು ನಿಜಕ್ಕೂ ಹೆದರಿಕೆಯಾಯಿತು.

ಇವೆರಡರ ಉದ್ದವೇ ಬೇರೆ, ಹೋಲಿಕೆ ಸರಿಯಲ್ಲ ಅನ್ನಬಹುದು. 0.75ನ್ನು 15 ಮೀಟರಿಗೆ ಕತ್ತರಿಸಿದರೂ 6 ವೋಲ್ಟ್ ಹೋಗುತ್ತದೆ. ಅದೇ ಉದ್ದದ 2.5ರಲ್ಲಿ ಹೋಗುವುದು 2. ನಡುವಿನ 1.5ರಲ್ಲಿ 3 ಚಿಲ್ಲರೆ. ದಪ್ಪ ಕೇಬಲ್ ಹೊರುವುದು ಬೇಡ ಅನ್ನುವವರಿಗೆ 1.5 ಸಾಕು, ಪೂರ್ತಿ ಬಿಚ್ಚಿ ಹಾಸಿಕೊಂಡರೆ.

ವೋಲ್ಟೇಜ್ ಇಳಿದರೆ ಮೋಟಾರ್ ಜಾಸ್ತಿ ಕರೆಂಟ್ ಎಳೆಯುತ್ತದೆ ಅನ್ನುವ ಮಾತು ನೀರಿನ ಪಂಪಿನಂಥ ಇಂಡಕ್ಷನ್ ಮೋಟಾರಿಗೆ ಚೆನ್ನಾಗಿ ಹೊಂದುತ್ತದೆ. ಕಾರ್ಬನ್ ಬ್ರಷ್ ಇರುವ ಸಾ ಮೋಟಾರಿನಲ್ಲಿ ಆಗುವುದು ಸ್ವಲ್ಪ ಬೇರೆ. ಮೊದಲು ವೇಗ ಕುಸಿಯುತ್ತದೆ. ತಣ್ಣಗಿಡುವ ಫ್ಯಾನ್ ಅದೇ ಶಾಫ್ಟಿನಲ್ಲಿದೆ, ಹಾಗಾಗಿ ಗಾಳಿಯೂ ಕಡಿಮೆಯಾಗುತ್ತದೆ. ಬ್ಲೇಡ್ ನಿಧಾನವಾದ ಹಾಗೆ ನಮ್ಮ ಕೈ ಇನ್ನಷ್ಟು ಒತ್ತುತ್ತದೆ. ಕರೆಂಟ್ ಏರುವುದು ಆ ಒತ್ತಡಕ್ಕೆ. ಸುರುಳಿ ವೈರಿನಲ್ಲಿ ಕೊಯ್ಯುವಾಗ ನಾನು ಒತ್ತುತ್ತಿದ್ದೆ ಅನ್ನುವುದು ದಪ್ಪ ಕೇಬಲ್ ಹಾಕಿದ ಮೇಲಷ್ಟೇ ಗೊತ್ತಾಯಿತು.

ಇನ್ನು ರಕ್ಷಣೆಯ ಮಾತು. ಮೊದಲು ಬೋರ್ಡಿನಲ್ಲಿ ಬರೀ 16 ಆಂಪಿಯರ್ ಎಂಸಿಬಿ (ಕರೆಂಟ್ ಮಿತಿ ಮೀರಿದರೆ ತಾನೇ ಆರುವ ಸ್ವಿಚ್) ಇತ್ತು. ಆಮೇಲೆ 30 ಮಿಲಿ ಆಂಪಿಯರ್ ಆರ್‌ಸಿಸಿಬಿಯೂ (ಕರೆಂಟ್ ಸೋರಿದರೆ ಆರುವ ಸ್ವಿಚ್) ಸೇರಿತು. ಎರಡೂ ಬೇಕು, ಯಾಕೆಂದರೆ ಕೆಲಸ ಬೇರೆ ಬೇರೆ. ಎಂಸಿಬಿ ಗೋಡೆಯೊಳಗಿನ ವೈರ್ ಸುಡದಂತೆ ಕಾಯುತ್ತದೆ. ಆದರೆ ಮನುಷ್ಯನ ಜೀವ ತೆಗೆಯಲು 16 ಆಂಪಿಯರ್ ಬೇಕಿಲ್ಲ, ಅದರ ನೂರನೇ ಒಂದು ಪಾಲೇ ಜಾಸ್ತಿ. ಆರ್‌ಸಿಸಿಬಿ ಹೋದ ಕರೆಂಟಿಗೂ ವಾಪಸ್ ಬಂದ ಕರೆಂಟಿಗೂ ಇರುವ ವ್ಯತ್ಯಾಸ ನೋಡುತ್ತದೆ, ಮೈಯಿಂದಲೋ ನೆಲಕ್ಕೋ ಸೋರಿ ವ್ಯತ್ಯಾಸ ಬಂದರೆ ಆರಿಸುತ್ತದೆ. ಒಂದು ಮಳೆಗಾಲದ ಬೆಳಿಗ್ಗೆ ಎಕ್ಸ್‌ಟೆನ್ಶನ್ ಸಾಕೆಟ್ ಒದ್ದೆ ನೆಲಕ್ಕೆ ತಾಗಿತ್ತು. ಪ್ಲಗ್ ಹಾಕಿದ ತಕ್ಷಣ ಟ್ರಿಪ್ ಆಯಿತು. ಎಂಸಿಬಿ ಮಾತ್ರ ಇದ್ದಿದ್ದರೆ ಅದಕ್ಕೆ ಗೊತ್ತೇ ಆಗುತ್ತಿರಲಿಲ್ಲ.

ಪ್ಲಗ್‌ನಲ್ಲಿ ಹಾಕುವ ಪೋರ್ಟಬಲ್ ಬಗೆಯ ಆರ್‌ಸಿಸಿಬಿಯನ್ನೂ ಬಳಸಿದ್ದೇನೆ. ಅದನ್ನು ಗೋಡೆಯ ತುದಿಗೇ ಹಾಕಿ. ಸಾ ಹತ್ತಿರ ಹಾಕಿದರೆ ಉದ್ದದ ವೈರಿಗೆ ರಕ್ಷಣೆಯೇ ಇಲ್ಲ. ಚೌಕದೊಳಗೆ ಚೌಕದ ಗುರುತಿರುವ ಡಬಲ್ ಇನ್ಸುಲೇಶನ್ ಸಾಗೆ ಅರ್ಥ್ ಪಿನ್ ಇರುವುದಿಲ್ಲ, ಆದರೂ ಇದು ಕೆಲಸ ಮಾಡುತ್ತದೆ. ಒಂದು ಎಚ್ಚರಿಕೆ: ಫೇಸ್, ನ್ಯೂಟ್ರಲ್ ಎರಡನ್ನೂ ಒಟ್ಟಿಗೆ ಮುಟ್ಟಿದರೆ ಯಾವ ಆರ್‌ಸಿಸಿಬಿಯೂ ಉಳಿಸದು. ಬ್ಲೇಡ್ ಬಿಚ್ಚುವಾಗ, ಬ್ರಷ್ ನೋಡುವಾಗ ಸ್ವಿಚ್ ಆರಿಸಿದರೆ ಸಾಲದು, ಪ್ಲಗ್ಗೇ ಕೀಳಬೇಕು.

ಮೋಟಾರ್ ಆರಿಸುವ ರೀತಿಯನ್ನೂ ಎರಡು ಥರ ಮಾಡಿ ನೋಡಿದೆ. ಭಾರಿ ಕೊಯ್ತದ ನಂತರ ತಕ್ಷಣ ನಿಲ್ಲಿಸಿದರೆ ಬಿಸಿ ಒಳಗೇ ಕೂರುತ್ತದೆ. ಒಂದು ನಿಮಿಷ ಖಾಲಿ ಓಡಿಸಿ ನಿಲ್ಲಿಸಿದಾಗ ಮೈ ಬೇಗ ತಣ್ಣಗಾಯಿತು. ಈಗ ಇದೇ ರೂಢಿ.

ಮೋಟಾರಿಗೆ ಹೊಕ್ಕ ಹೊಟ್ಟು ತೆಗೆಯಲು ಗುಡಿಸುವ ಬ್ರಷ್ಷಿಗಿಂತ ಒಣ ಗಾಳಿ ಮೇಲು. ಕನ್ನಡಕ ಹಾಕಿಕೊಂಡು, ಕಡಿಮೆ ಒತ್ತಡದಲ್ಲಿ. ಅಲ್ಯೂಮಿನಿಯಂ ಕೊಯ್ದ ದಿನ ಇದನ್ನು ತಪ್ಪಿಸಬಾರದು, ಆ ಪುಡಿ ಕರೆಂಟ್ ಹರಿಸುತ್ತದೆ.

ಆಮೇಲೊಮ್ಮೆ ಕಾರ್ಬನ್ ಬ್ರಷ್ ಸವೆದಿದ್ದು ನನಗೆ ತಿಳಿದದ್ದು ಕಿಡಿಯಿಂದಲ್ಲ, ಬ್ರೇಕಿನಿಂದ. ಸ್ವಿಚ್ ಬಿಟ್ಟರೆ ಕೆಲವೇ ಸೆಕೆಂಡಿನಲ್ಲಿ ನಿಲ್ಲುತ್ತಿದ್ದ ಬ್ಲೇಡ್ ತಿರುಗುತ್ತಲೇ ಇತ್ತು. ಎಲೆಕ್ಟ್ರಿಕ್ ಬ್ರೇಕಿಗೂ ಅದೇ ಬ್ರಷ್ ಬೇಕಲ್ವಾ? ಜೋಡಿಯಾಗಿ ಬದಲಿಸಿ, ಹತ್ತು ನಿಮಿಷ ಖಾಲಿ ಓಡಿಸಿದೆ. ಹೊಸ ಬ್ರಷ್ಷಿನಲ್ಲಿ ಮೊದಲು ಕಂಡ ಕಿಡಿ ಕಡಿಮೆಯಾಯಿತು, ಬ್ರೇಕ್ ಮತ್ತೆ ಹಿಡಿಯಿತು.