ಜೀಪಿಗೆ ಡೀಸೆಲ್ ಎಂಜಿನ್: ಇಸುಝು, ಪ್ಯೂಜೊ, ಡಿಐ

ನಮ್ಮ ಜೀಪಿನ ಬಾನೆಟ್ ಕೆಳಗೆ ಈಗ ಕೂತಿರುವುದು ಡಿಐ ಎಂಜಿನ್, ಅಂದರೆ ಮಹೀಂದ್ರದ ಡೈರೆಕ್ಟ್ ಇಂಜೆಕ್ಷನ್ ಡೀಸೆಲ್. ಅದನ್ನು ಇನ್ನು ಕದಲಿಸುವುದಿಲ್ಲ. ಅದಕ್ಕೂ ಮುಂಚೆ ಮೂರು ವರ್ಷ ಇಸುಝು ಇತ್ತು, ಆ ಮೂರು ವರ್ಷದಲ್ಲಿ ಎರಡು ಗೇರ್‌ಬಾಕ್ಸ್ ಹಾಳು ಮಾಡಿಕೊಂಡೆವು. ಪ್ಯೂಜೊ ಇರುವುದು ಸಕಲೇಶಪುರದ ಕಡೆಯ ನಮ್ಮ ಭಾವನ ಜೀಪಿನಲ್ಲಿ. ನಮ್ಮದು ಶೆಡ್ಡಿನಲ್ಲಿ ಮಲಗಿದಾಗಲೆಲ್ಲ ಅವರದನ್ನು ತಂದು ಓಡಿಸಿದ್ದೇನೆ, ಒಂದು ಕೊಯ್ಲು ಪೂರ್ತಿ ಅದರಲ್ಲೇ ಕಾಫಿ ಮೂಟೆ ಸಾಗಿಸಿದ್ದೇನೆ.

ಜೀಪು ಅಪ್ಪ ತಂದದ್ದು. ಮಹೀಂದ್ರದ ಹಳೆ ಸಿಜೆ3ಬಿ, 2199 ಸಿಸಿಯ ಹರಿಕೇನ್ ಪೆಟ್ರೋಲ್ ಎಂಜಿನ್. ಒಳ್ಳೇ ಎಂಜಿನ್, ಸದ್ದು ಕಡಿಮೆ. ಆದರೆ ಮೂಡಿಗೆರೆ ಕಡೆಯ ತೋಟದ ಏರಿನಲ್ಲಿ ಲೀಟರಿಗೆ 5 ಕಿಲೋಮೀಟರ್ ಕೊಟ್ಟರೆ ಜಾಸ್ತಿ. 2011ರಲ್ಲಿ ಡೀಸೆಲ್‌ಗೆ ಹೋಗೋಣ ಅಂತಾಯಿತು.

ಇಸುಝು ಸಿಕ್ಕಿದ್ದು ಗುಜರಿಗೆ ಹೊರಟಿದ್ದ ಒಂದು ಅಂಬಾಸಿಡರ್ ಕಾರಿನಿಂದ. 1995 ಸಿಸಿ, ನಯವಾದ ಎಂಜಿನ್, ತೂಕವೂ ಕಡಿಮೆ. 35 ಸಾವಿರಕ್ಕೆ ಕುದುರಿತು. ಅಗ್ಗ ಅಂತ ಖುಷಿಪಟ್ಟೆ. ತೊಂದರೆ ಇದ್ದದ್ದು ಎಂಜಿನ್‌ನಲ್ಲಿ ಅಲ್ಲ, ಅದನ್ನು ಜೀಪಿನ ಗೇರ್‌ಬಾಕ್ಸಿಗೆ ಸೇರಿಸುವ ಜಾಗದಲ್ಲಿ.

ಇಸುಝು ಬ್ಲಾಕಿನ ಬೋಲ್ಟ್ ತೂತುಗಳಿಗೂ ಜೀಪಿನ ಬೆಲ್ ಹೌಸಿಂಗಿನ (ಎಂಜಿನ್‌ಗೂ ಗೇರ್‌ಬಾಕ್ಸಿಗೂ ನಡುವೆ ಕ್ಲಚ್ಚನ್ನು ಮುಚ್ಚುವ ಗಂಟೆಯಾಕಾರದ ಕವಚ) ತೂತುಗಳಿಗೂ ಸಂಬಂಧವೇ ಇಲ್ಲ. ಮಧ್ಯೆ ಒಂದು ಅಡಾಪ್ಟರ್ ಪ್ಲೇಟ್ ಬೇಕು. ಲೇತಿನವರು ರಟ್ಟಿನ ಮೇಲೆ ತೂತುಗಳ ಗುರುತು ತೆಗೆದುಕೊಂಡು, ಅದೇ ಅಳತೆಗೆ ದಪ್ಪ ಉಕ್ಕಿನ ಹಲಗೆ ಕೊರೆದು ಕೊಟ್ಟರು. 9 ಸಾವಿರ. ಬೋಲ್ಟೆಲ್ಲ ಸಲೀಸಾಗಿ ಕೂತವು, ಗಾಡಿ ಸ್ಟಾರ್ಟ್ ಆಯಿತು, ಪಾಯಸ ಆಯಿತು.

ನಾಲ್ಕು ತಿಂಗಳಾದ ಮೇಲೆ ಇಳಿಜಾರಿನಲ್ಲಿ ಎರಡನೇ ಗೇರು ತಾನಾಗಿಯೇ ಕಳಚಿಕೊಳ್ಳಲು ಶುರುವಾಯಿತು. ಹಿಂದೆ 15 ಮೂಟೆ ಕಾಫಿ, ಮುಂದೆ ತಿರುವು, ಗೇರು ಟಪ್ ಅಂತ ನ್ಯೂಟ್ರಲ್. ಹಳೇ ಗೇರ್‌ಬಾಕ್ಸ್ ಸವೆದಿದೆ ಅಂದುಕೊಂಡು ಬಿಚ್ಚಿಸಿ ಬೇರಿಂಗ್, ಸಿಂಕ್ರೊ ಎಲ್ಲ ಹಾಕಿಸಿದೆವು. ಎಂಟು ತಿಂಗಳಲ್ಲಿ ಮತ್ತೆ ಅದೇ ಕಥೆ, ಜೊತೆಗೆ ಕ್ಲಚ್ ಪ್ಲೇಟಿನ ನಡು ಬಿರುಕು ಬಿಟ್ಟಿತ್ತು. ಬೇರೆ ಗೇರ್‌ಬಾಕ್ಸ್ ತಂದೆವು. ಅದೂ ಹೋಯಿತು. ಡ್ರೈವರ್ ಸರಿಯಿಲ್ಲ ಅಂದರು, ಆಯಿಲ್ ಸರಿಯಿಲ್ಲ ಅಂದರು, ಜೀಪಿಗೆ ದೃಷ್ಟಿಯಾಗಿದೆ ಅಂತ ಅಮ್ಮ ನಿಂಬೆಹಣ್ಣು ಕಟ್ಟಿದಳು.

ಕೊನೆಗೆ ಹಾಸನದ ಒಬ್ಬ ಹಿರಿಯ ಮೇಸ್ತ್ರಿ ಗೇರ್‌ಬಾಕ್ಸ್ ಇಳಿಸಿ, ಎಂಜಿನ್ ಹಿಂದಿನ ಫ್ಲೈವೀಲ್ ಚಕ್ರದ ಮೇಲೆ, ಕೂದಲೆಳೆಯಷ್ಟು ವ್ಯತ್ಯಾಸವನ್ನೂ ಅಳೆಯುವ ಡಯಲ್ ಗೇಜ್ ಕೂರಿಸಿ, ಅದರ ಮುಳ್ಳು ಬೆಲ್ ಹೌಸಿಂಗಿನ ನಡುವಿನ ತೂತಿನ ಒಳಬದಿಗೆ ತಾಗುವಂತೆ ಇಟ್ಟು, ಎಂಜಿನ್ನನ್ನು ಕೈಯಲ್ಲೇ ನಿಧಾನವಾಗಿ ಒಂದು ಸುತ್ತು ತಿರುಗಿಸಿದರು. ಮುಳ್ಳು 28 ಥೌ ಓಡಿತು, ಅಂದರೆ ಇಂಚಿನ ಸಾವಿರದಲ್ಲಿ 28 ಭಾಗ. ಇದು 5 ಥೌ ಒಳಗಿರಬೇಕು. ಗೇಜು ತೋರಿಸಿದ್ದರಲ್ಲಿ ಅರ್ಧ, ಅಂದರೆ 14 ಥೌ, ಗೇರ್‌ಬಾಕ್ಸಿನ ನಡು ಕ್ರ್ಯಾಂಕಿನ (ಎಂಜಿನ್ ಒಳಗೆ ತಿರುಗುವ ಮುಖ್ಯ ಶಾಫ್ಟು) ನಡುವಿಗಿಂತ ಪಕ್ಕಕ್ಕೆ ಕೂತಿತ್ತು. ಮಿಲಿಮೀಟರಿನಲ್ಲಿ 0.36. ಕಣ್ಣಿಗೆ ಕಾಣುವುದಿಲ್ಲ, ಬೋಲ್ಟಿಗೂ ಗೊತ್ತಾಗುವುದಿಲ್ಲ. ಆದರೆ ಗೇರ್‌ಬಾಕ್ಸಿನ ಮೊದಲ ಶಾಫ್ಟಿನ ತುದಿ ಕ್ರ್ಯಾಂಕಿನ ಹಿಂದಿರುವ ಪೈಲಟ್ ಬುಷ್ಷಿನಲ್ಲಿ ತಿರುಗುತ್ತದೆ ಅಲ್ವಾ, ಅದು ಪ್ರತಿ ಸುತ್ತಿಗೂ ಒಂದು ಕಡೆಗೆ ಎಳೆಸಿಕೊಳ್ಳುತ್ತದೆ. ಬುಷ್ ಮೊಟ್ಟೆಯಾಕಾರಕ್ಕೆ ಸವೆಯುತ್ತದೆ, ಬೇರಿಂಗ್ ಹೋಗುತ್ತದೆ, ಗೇರು ಹಲ್ಲು ಕಚ್ಚಿ ನಿಲ್ಲುವುದಿಲ್ಲ. ರಟ್ಟಿನ ಗುರುತಿನಿಂದ ಐದು ಥೌ ಲೆಕ್ಕ ಹೇಗೆ ಬಂದೀತು? ಸರಿಪಡಿಸಬಹುದಿತ್ತು. ನಡು ಸರಿಸಿ ಕಡೆದ ಡೋವೆಲ್ ಪಿನ್ (ಎರಡು ಭಾಗಗಳನ್ನು ಸರಿಯಾದ ಜಾಗಕ್ಕೆ ಕೂರಿಸುವ ಗೂಟ) ಹಾಕಿ ಮತ್ತೆ ಗೇಜು ಇಟ್ಟು ನೋಡಬೇಕು. ನನಗೆ ಅಷ್ಟರಲ್ಲಿ ಸಾಕಾಗಿತ್ತು. ಆ ಪ್ಲೇಟು ಈಗ ಕಣದಲ್ಲಿ ಟಾರ್ಪಾಲಿನ ಮೂಲೆ ಹಾರದಂತೆ ಇಡಲು ಬಹಳ ಚೆನ್ನಾಗಿದೆ.

ಹಾಗಾಗಿ 2014ರಲ್ಲಿ ಡಿಐ ತರುವಾಗ ಬಿಡಿ ಎಂಜಿನ್ ಕೇಳಲೇ ಇಲ್ಲ. ಎಂಜಿನ್, ಬೆಲ್ ಹೌಸಿಂಗ್, ಕ್ಲಚ್, ನಾಲ್ಕು ಗೇರಿನ ಬಾಕ್ಸ್ ಎಲ್ಲ ಒಂದೇ ಗಾಡಿಯಿಂದ ಇಳಿದ ಸೆಟ್ಟೇ ಬೇಕು ಅಂದೆ. 70 ಸಾವಿರ. ಕೂಲಿ, ಮೌಂಟಿಂಗು, ರೇಡಿಯೇಟರ್ ಅಂತ ಇನ್ನೊಂದು 25. ಆಕ್ಸಲ್‌ಗಳಿಗೆ ಬಲ ಒಯ್ಯುವ ಎರಡೂ ಪ್ರೊಪೆಲರ್ ಶಾಫ್ಟ್ ಬದಲಾಯಿಸಬೇಕಾಯಿತು, ಹಿಂದಿನದು ಮೋಟು, ಮುಂದಿನದು ಉದ್ದ. ಎಂಜಿನ್ ಭಾರಕ್ಕೆ ಮುಂದಿನ ಸ್ಪ್ರಿಂಗಿಗೆ ಒಂದೊಂದು ಪಟ್ಟಿ ಜಾಸ್ತಿ. ಅಷ್ಟೇ. ಆ ಗೇರ್‌ಬಾಕ್ಸ್ ಇವತ್ತಿಗೂ ಬಿಚ್ಚಿಲ್ಲ.

ಓಡಿಸುವಾಗ ವ್ಯತ್ಯಾಸ ಗೊತ್ತಾಗುವುದು ಏರಿನಲ್ಲಿ. ಪ್ಯೂಜೊ ಅಂದರೆ ಮಹೀಂದ್ರದ ಎಂಎಂ540 ಜೀಪಿನಲ್ಲಿ ಬರುತ್ತಿದ್ದ 2112 ಸಿಸಿಯದ್ದು. ಅದರ ಸ್ಟ್ರೋಕ್, ಅಂದರೆ ಪಿಸ್ಟನ್ ಓಡುವ ದೂರ, 83 ಮಿಲಿಮೀಟರ್, ಡಿಐದು 101.6. ಡಿಐ ಟ್ರ್ಯಾಕ್ಟರ್ ವಂಶದ್ದು, ಗುಣವೂ ಹಾಗೇ. ಕೆಸರಿನ ಏರಿನಲ್ಲಿ ಲೋ ಗೇರಿಗೆ ಹಾಕಿ ಆಕ್ಸಿಲರೇಟರಿನಿಂದ ಕಾಲು ತೆಗೆದರೂ ಡುಗುಡುಗು ಅಂತ ಹತ್ತುತ್ತದೆ, ಚಕ್ರ ಸುಮ್ನೆ ಸುತ್ತಿ ಗುಂಡಿ ತೋಡುವುದಿಲ್ಲ. ಭಾವನ ಪ್ಯೂಜೊಗೆ ಸ್ವಲ್ಪ ಕಾಲು ಕೊಡಬೇಕು, ಕೊಟ್ಟರೆ ಜಾರುತ್ತದೆ.

ಟಾರ್ ರಸ್ತೆಗೆ ಬಂದರೆ ಮಾತು ತಿರುಗುತ್ತದೆ. ಸಿಜೆ3ಬಿಯ ಆಕ್ಸಲ್ ಅನುಪಾತ 5.38, ಅಂದರೆ ಚಕ್ರ ಒಂದು ಸುತ್ತು ತಿರುಗಲು ಪ್ರೊಪೆಲರ್ ಶಾಫ್ಟ್ 5.38 ಸುತ್ತು ತಿರುಗಬೇಕು. ನಮ್ಮ ಟೈರಿನ ಲೆಕ್ಕದಲ್ಲಿ 3000 ಆರ್‌ಪಿಎಂಗೆ ಟಾಪ್ ಗೇರಿನಲ್ಲಿ ಸುಮಾರು 76 ಕಿಲೋಮೀಟರ್ ವೇಗ ಬರುತ್ತದೆ, ಅಲ್ಲಿಗೆ ಡಿಐ ಕಿರುಚತೊಡಗುತ್ತದೆ. ಪ್ಯೂಜೊ 4000ಕ್ಕೂ ಆರಾಮಾಗಿ ಹೋಗುತ್ತದೆ, ಅಂದರೆ ನೂರರ ಹತ್ತಿರ. ಆ ಜೀಪಿನ ಬ್ರೇಕ್ ನೋಡಿದವರು ಯಾರೂ ನೂರು ಹೊಡೆಯುವುದಿಲ್ಲ, ಅದು ಬೇರೆ ವಿಷಯ.

ಸದ್ದು, ನಡುಕ: ಡಿಐ ಸೋತಿದೆ. ಹತ್ತಿದ ಮೊದಲ ದಿನ ಅಮ್ಮ ಕೇಳಿದ್ದು, "ಇದು ಜೀಪೋ, ಅಕ್ಕಿ ಗಿರಣಿಯೋ?"

ಚಳಿಗಾಲದ ಬೆಳಿಗ್ಗೆ ಪ್ಯೂಜೊ, ಇಸುಝು ಎರಡಕ್ಕೂ ಹೀಟರ್ ಪ್ಲಗ್ ಕಾಯಬೇಕು. ಡಿಐ ನಮ್ಮ ಚಳಿಗೆ ನೇರ ಸ್ಟಾರ್ಟ್.

ವೈಪರ್ ವಿಷಯ ಯಾರೂ ಹೇಳುವುದಿಲ್ಲ. ಎಂಜಿನ್ನಿನ ಎಳೆತದಿಂದಲೇ ಓಡುವ ಹಳೆ ವ್ಯಾಕ್ಯೂಮ್ ವೈಪರ್ ಇದ್ದರೆ ಡೀಸೆಲ್ ಹಾಕಿದ ದಿನವೇ ಅದು ಸತ್ತಂತೆ. ಪೆಟ್ರೋಲ್ ಎಂಜಿನ್ ಹಾಗೆ ಇದರ ಮ್ಯಾನಿಫೋಲ್ಡಿನಲ್ಲಿ, ಅಂದರೆ ಗಾಳಿ ಒಳಹೋಗುವ ಕೊಳವೆಯಲ್ಲಿ, ವೈಪರ್ ಎಳೆಯುವಷ್ಟು ವ್ಯಾಕ್ಯೂಮ್ ಹುಟ್ಟುವುದಿಲ್ಲ. ಮಲೆನಾಡಿನ ಜುಲೈಯಲ್ಲಿ ಒಂದು ಕೈ ಸ್ಟೀರಿಂಗು, ಒಂದು ಕೈ ಗಾಜು ಒರೆಸುವ ಬಟ್ಟೆ. ಮೊದಲೇ ಕರೆಂಟ್ ವೈಪರ್ ಹಾಕಿಸಿ. ಬ್ರೇಕ್ ಬೂಸ್ಟರ್ ಇದ್ದರೆ ವ್ಯಾಕ್ಯೂಮ್ ಪಂಪ್ ಇರುವ ಆಲ್ಟರ್ನೇಟರ್ ಬೇಕೇ ಬೇಕು.

ಸಾಮಾನು? ಡಿಐಗೆ ಬೇಕಾದದ್ದು ಮೂಡಿಗೆರೆಯಲ್ಲೇ ಸಿಗುತ್ತದೆ, ಟ್ರ್ಯಾಕ್ಟರ್ ಮೇಸ್ತ್ರಿಯೂ ಕೈ ಹಾಕುತ್ತಾನೆ. ಪ್ಯೂಜೊ ಸಾಮಾನಿಗೆ ಭಾವ ಬೆಂಗಳೂರಿನ ಜೆಸಿ ರಸ್ತೆಗೆ ಹೋಗಿ ಬಂದು, ದೋಸೆ ತಿಂದದ್ದನ್ನೂ ಖರ್ಚಿಗೆ ಸೇರಿಸುತ್ತಾರೆ.

ಇನ್ನು ಕಾಗದ. ನಾವು ಆರ್‌ಟಿಒದಲ್ಲಿ ಅರ್ಜಿ ಕೊಟ್ಟು ಆರ್‌ಸಿಯಲ್ಲಿ ಡೀಸೆಲ್ ಅಂತಲೂ ಹೊಸ ಎಂಜಿನ್ ನಂಬರೂ ಬರೆಸಿದ್ದು 2019ಕ್ಕೆ ಮುಂಚೆ. ಆ ವರ್ಷದ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಬಗ್ಗೆ ಕೊಟ್ಟ ತೀರ್ಪಿನ ನಂತರ, ತಯಾರಕರು ಕೊಟ್ಟ ಮೂಲ ವಿವರ ಬದಲಾಯಿಸುವುದು ತುಂಬಾ ಬಿಗಿಯಾಗಿದೆ. ಎಂಜಿನ್‌ಗೆ ಅಡ್ವಾನ್ಸ್ ಕೊಡುವ ಮೊದಲು ಆರ್‌ಟಿಒ ಕಚೇರಿಗೆ ಹೋಗಿ ಕೇಳಿ. ಗುಜರಿ ಎಂಜಿನ್ ಆದರೆ ಬಿಲ್ಲು, ಇಳಿಸಿದ ಗಾಡಿಯ ದಾಖಲೆ ಇಲ್ಲದೆ ಮುಟ್ಟಬೇಡಿ.

ತಿಂಗಳಿಗೆ ಎರಡು ಸಲ ಬೆಂಗಳೂರಿಗೆ ಓಡುವವನಾಗಿದ್ದರೆ ನಾನೂ ಪ್ಯೂಜೊ ಹಾಕಿಸುತ್ತಿದ್ದೆ, ಸೆಟ್ಟಾಗಿಯೇ. ನನ್ನ ಓಡಾಟ ತೋಟ, ಕಣ, ಪೇಟೆ, ಅಪರೂಪಕ್ಕೆ ಕೊಟ್ಟಿಗೆಹಾರ ದಾಟಿ ಚಾರ್ಮಾಡಿ ಇಳಿಯುವುದು. ನಮ್ಮ ಡಿಐ ಲೀಟರಿಗೆ 12 ಕೊಡುತ್ತದೆ, ಸಾಕು. ಭಾವನ ಪ್ಯೂಜೊ 10 ಕೊಡುತ್ತದೆ. ಅವರನ್ನು ಕೇಳಿದರೆ 14 ಅನ್ನುತ್ತಾರೆ.