ಒಂದೇ ಟ್ರಾನ್ಸ್‌ಫಾರ್ಮರ್ ಮೇಲೆ ಎರಡರ ಹೊರೆ: ಉಷ್ಣ ಅಧ್ಯಯನ ಸೇವೆಯೊಂದರ ವಿಮರ್ಶೆ

ನಮ್ಮ ಕಾರ್ಖಾನೆಯಲ್ಲಿ 66 ಕಿಲೋವೋಲ್ಟನ್ನು (ಕೆವಿ) 11ಕ್ಕೆ ಇಳಿಸುವ ಉಪಕೇಂದ್ರದಲ್ಲಿ ತಲಾ 12.5 ಎಂವಿಎ (ಮೆಗಾವೋಲ್ಟ್-ಆಂಪಿಯರ್, ವಿದ್ಯುತ್ ಹೊರೆಯ ಅಳತೆ) ಸಾಮರ್ಥ್ಯದ ಎರಡು ಟ್ರಾನ್ಸ್‌ಫಾರ್ಮರ್‌ಗಳಿವೆ. ಒಂದರ ಟ್ಯಾಪ್ ಚೇಂಜರ್ (ವೋಲ್ಟೇಜನ್ನು ಹೆಚ್ಚುಕಡಿಮೆ ಮಾಡುವ ಭಾಗ) ಬಿಚ್ಚಿ ಸರಿಪಡಿಸಲು ಎರಡು ದಿನ ಬೇಕಿದ್ದು, ಆ ಎರಡೂ ದಿನ ಸಂಜೆ ಆರರಿಂದ ಹತ್ತರವರೆಗಿನ 15.5 ಎಂವಿಎ ಹೊರೆಯನ್ನು, ಅಂದರೆ ಶೇ. 124ರಷ್ಟನ್ನು, ಇನ್ನೊಂದೇ ಹೊರಬೇಕಿತ್ತು. ಅದು ತಡೆದುಕೊಳ್ಳುವುದೇ ಎಂದು ತಿಳಿಯಲು ಸಲಹಾ ಸಂಸ್ಥೆಯೊಂದರಿಂದ ಉಷ್ಣ ಅಧ್ಯಯನ ಮಾಡಿಸಿದೆವು.

ಅವರು ಆಧಾರವಾಗಿಟ್ಟುಕೊಂಡದ್ದು ಟ್ರಾನ್ಸ್‌ಫಾರ್ಮರ್‌ಗಳ ಮೇಲೆ ಎಷ್ಟು ಹೊರೆ ಹಾಕಬಹುದೆಂದು ಹೇಳುವ ಅಂತರರಾಷ್ಟ್ರೀಯ ಮಾರ್ಗಸೂಚಿ ಐಇಸಿ 60076-7. ಸಾಧಾರಣ ಕಾಗದದ ನಿರೋಧನವಿರುವ ವೈಂಡಿಂಗ್‌ನ (ಒಳಗಿನ ತಂತಿ ಸುರುಳಿಯ) ಅತಿ ಬಿಸಿ ಬಿಂದು 98 ಡಿಗ್ರಿಯಲ್ಲಿದ್ದಾಗ ಕಾಗದ ಸಹಜ ವೇಗದಲ್ಲಿ ಸವೆಯುತ್ತದೆ. ಅಲ್ಲಿಂದ ಪ್ರತಿ 6 ಡಿಗ್ರಿ ಏರಿದಾಗಲೂ ಆ ವೇಗ ಇಮ್ಮಡಿಯಾಗುತ್ತದೆ. ವರದಿಯ ಪ್ರಕಾರ ನಮ್ಮಲ್ಲಿ ಆ ಬಿಂದು 116 ಡಿಗ್ರಿ ಮುಟ್ಟಬಹುದಿತ್ತು, ಎಂದರೆ ಸವೆತ ಎಂಟು ಪಟ್ಟು. ನಾಲ್ಕು ಗಂಟೆಯ ಓಟಕ್ಕೆ ಮೂವತ್ತೆರಡು ಗಂಟೆಯ ಆಯುಷ್ಯ ತೆರಬೇಕು ಎಂದು ಅವರು ಬಿಡಿಸಿ ಹೇಳಿದ ಮೇಲೆ, ಮೇಲಧಿಕಾರಿಗಳ ಎದುರು ಅನುಮತಿ ಕೇಳುವುದು ನನಗೆ ಸುಲಭವಾಯಿತು. ಏಪ್ರಿಲ್ ಬಿಟ್ಟು ಡಿಸೆಂಬರ್‌ನಲ್ಲಿ ಕೆಲಸ ಇಟ್ಟುಕೊಳ್ಳಿ, ಹೊರಗಿನ ಗಾಳಿಯ ಉಷ್ಣಾಂಶ ಎಷ್ಟು ಡಿಗ್ರಿ ಇಳಿಯುವುದೋ ವೈಂಡಿಂಗ್‌ನದೂ ಹೆಚ್ಚುಕಡಿಮೆ ಅಷ್ಟೇ ಡಿಗ್ರಿ ಇಳಿಯುತ್ತದೆ ಎಂಬ ಅವರ ಸಲಹೆಯೂ ಯೋಗ್ಯವಾದದ್ದೇ. ಕಾಗದದಲ್ಲಿ ಶೇ. 2ರಷ್ಟು ತೇವವಿದ್ದರೆ ಸುಮಾರು 140 ಡಿಗ್ರಿಯಲ್ಲಿ ಗುಳ್ಳೆಗಳೆದ್ದು ನಿರೋಧನ ಕೈಕೊಡುವ ಅಪಾಯವಿರುವುದರಿಂದ, ಎಣ್ಣೆಯ ಮಾದರಿ ಪರೀಕ್ಷಿಸದೆ ಅವರು ಲೆಕ್ಕಕ್ಕೆ ಕೈ ಹಾಕಲಿಲ್ಲ.

ನಾನು ಬಹಳವಾಗಿ ಮೆಚ್ಚಿದ್ದು ಬೇರೆಯದು. ಅವರು ಟ್ರಾನ್ಸ್‌ಫಾರ್ಮರ್ ತೊಟ್ಟಿಯ ಬಳಿಯೇ ನಿಲ್ಲದೆ ಬುಶಿಂಗ್ (ತಂತಿ ತೊಟ್ಟಿಯಿಂದ ಹೊರಬರುವ ನಿರೋಧಕ ಕೊಳವೆ), ಟ್ಯಾಪ್ ಚೇಂಜರ್, 11 ಕೆವಿ ಕೇಬಲ್, ಸಿಟಿ (ಕರೆಂಟ್ ಅಳೆಯುವ ಪುಟ್ಟ ಟ್ರಾನ್ಸ್‌ಫಾರ್ಮರ್), ರಿಲೇ (ಕರೆಂಟ್ ಮಿತಿ ಮೀರಿದರೆ ಸರಬರಾಜು ಕಡಿಸುವ ಸಾಧನ) ಎಲ್ಲವನ್ನೂ ಒಂದೊಂದಾಗಿ ನೋಡಿದರು. 15.5 ಎಂವಿಎ ಎಂದರೆ 11 ಕೆವಿ ಕಡೆಯಲ್ಲಿ ಸುಮಾರು 814 ಆಂಪಿಯರ್. ನಮ್ಮ ಇನ್‌ಕಮರ್ ರಿಲೇಯನ್ನು, ಅಂದರೆ ಟ್ರಾನ್ಸ್‌ಫಾರ್ಮರ್‌ನಿಂದ ಬರುವ 11 ಕೆವಿ ಮಾರ್ಗದ ರಿಲೇಯನ್ನು, ಇಟ್ಟಿದ್ದದ್ದು 750 ಆಂಪಿಯರ್‌ಗೆ. ಟ್ರಾನ್ಸ್‌ಫಾರ್ಮರ್ ತಾಳಿಕೊಂಡರೂ ರಿಲೇ ಬಿಡುತ್ತಿರಲಿಲ್ಲ, ಇಡೀ ಕಾರ್ಖಾನೆ ಕತ್ತಲಾಗುತ್ತಿತ್ತು. ಇಷ್ಟು ವರ್ಷ ಈ ಕೆಲಸದಲ್ಲಿದ್ದ ನಮ್ಮಲ್ಲಿ ಒಬ್ಬರಿಗೂ ಇದು ಹೊಳೆದಿರಲಿಲ್ಲ.

ಆದರೆ ಒಂದು ಲೋಪವನ್ನು ಹೇಳಲೇಬೇಕು, ಅದು ಸಣ್ಣದೂ ಅಲ್ಲ. 12.5 ಎಂವಿಎ ಎಂಬುದು ಫ್ಯಾನ್‌ಗಳು ಓಡುತ್ತಿರುವಾಗಿನ ಸಾಮರ್ಥ್ಯ. ಅವು ನಿಂತರೆ ಉಳಿಯುವುದು 10 ಎಂವಿಎ ಮಾತ್ರ. ಹಾಗಾದಾಗ ಅದೇ ಹೊರೆ ಶೇ. 155 ಆಗಿ, ಈ ಗಾತ್ರದ ಟ್ರಾನ್ಸ್‌ಫಾರ್ಮರ್‌ಗೆ ದೀರ್ಘಕಾಲದ ತುರ್ತು ಸಂದರ್ಭದಲ್ಲಿ ಮಾರ್ಗಸೂಚಿ ಒಪ್ಪುವ ಒಂದೂವರೆ ಪಟ್ಟನ್ನೂ ಮೀರುತ್ತದೆ. ವರದಿ ಎಲ್ಲ ಫ್ಯಾನ್‌ಗಳೂ ಓಡುತ್ತವೆ ಎಂದು ಹಿಡಿದುಕೊಂಡಿತ್ತು. ಕೆಲಸದ ಹಿಂದಿನ ದಿನ ನಾವೇ ಸ್ವಿಚ್ ಹಾಕಿ ನೋಡಿದಾಗ ಎರಡು ತಿರುಗಲಿಲ್ಲ. ಉಷ್ಣಾಂಶವನ್ನು ದಶಮಾಂಶದವರೆಗೆ ಬರೆದವರು ಫ್ಯಾನ್‌ಗಳ ಎದುರು ಐದು ನಿಮಿಷ ನಿಂತಿದ್ದರೆ ಆ ರಾತ್ರಿ ಮೋಟಾರ್‌ಗಳಿಗಾಗಿ ನಾವು ಅಲೆಯಬೇಕಿರಲಿಲ್ಲ.

ದುರಸ್ತಿ ಸುಸೂತ್ರವಾಗಿ ಮುಗಿಯಿತು. ಎರಡೂ ಸಂಜೆ ಅರ್ಧ ಗಂಟೆಗೊಮ್ಮೆ ಎಣ್ಣೆಯ ಮತ್ತು ವೈಂಡಿಂಗ್‌ನ ಉಷ್ಣಾಂಶ ಬರೆದುಕೊಂಡೆವು. ಅವು ವರದಿಯ ಅಂದಾಜನ್ನು ದಾಟಲಿಲ್ಲ. ಎರಡನೆಯ ಟ್ರಾನ್ಸ್‌ಫಾರ್ಮರ್‌ನ ಸರದಿ ಬಂದಾಗಲೂ ಇವರನ್ನೇ ಕರೆಯುತ್ತೇವೆ. ತಂಪುಕಾರಿ ವ್ಯವಸ್ಥೆಯನ್ನು ಸ್ಥಳದಲ್ಲೇ ಓಡಿಸಿ ನೋಡಬೇಕೆಂಬ ಷರತ್ತನ್ನು ಈ ಸಲ ಕಾರ್ಯಾದೇಶದಲ್ಲಿ ಬರೆದೇ ಕೊಡುತ್ತೇವೆ.